ಮೊದಲು ಕೆಂಪಾದ ದೊಣ್ಣೆಮೆಣಸಿನಕಾಯಿ

"ಬುದ್ಧೀ, ಒಳ್ಳೆಯದನ್ನೆಲ್ಲ ಕೊಟ್ಟವನ ಕೈ ಏಕೆ ಬರಿದಾಗುತ್ತದೆ? ನಾನು ಇನ್ನೂ ಹೆಚ್ಚು ಕೊಡಬೇಕೇ?"

ಹೀಗೆ ಕೇಳಿದವನು ಚನ್ನಮಲ್ಲ. ಅವನು ಬೆಟ್ಟದ ಮೇಲಿನ ಒಂದು ಚಿಕ್ಕ ಮಠದ ಶಿಷ್ಯ. ಕೇಳಿದ್ದು ತನ್ನ ಗುರುಗಳನ್ನು. ಆ ಸೀಮೆಯಲ್ಲಿ ಗುರುಗಳನ್ನು ಗೌರವದಿಂದ 'ಬುದ್ಧಿ' ಎಂದು ಕರೆಯುವುದು ರೂಢಿ. ಅವನೂ ಹಾಗೆಯೇ ಕರೆದ.

ಅವನು ಏಕೆ ಹೀಗೆ ಕೇಳಿದ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ಬರುವುದು ಬರಿಯ ತರಕಾರಿಯ ಕತೆಯಾಗಿ ಕಾಣುತ್ತದೆ. ಚನ್ನಮಲ್ಲ ಮಠಕ್ಕೆ ಬಂದ ಹೊಸತರಲ್ಲಿ ಬೆಳಗಿನ ಜಾವ ಎದ್ದು ಧ್ಯಾನಕ್ಕೆ ಕೂರುತ್ತಿದ್ದ. ಕುಳಿತ ಸ್ವಲ್ಪ ಹೊತ್ತಿಗೇ ಅವನ ಮನಸ್ಸು ನಿಂತ ನೀರಿನ ಹಾಗೆ ಆಗುತ್ತಿತ್ತು. ಆಮೇಲೆ ಮಠಕ್ಕೆ ಜನ ಬರುವುದು ಹೆಚ್ಚಾಯಿತು. ಅವರ ಕಷ್ಟ ಕೇಳಲು ಒಬ್ಬರು ಬೇಕಾಯಿತು. ಚನ್ನಮಲ್ಲ ತನ್ನ ಬೆಳಗನ್ನು ಅವರಿಗೆ ಕೊಟ್ಟ. ಮಧ್ಯಾಹ್ನವನ್ನು ಅಡುಗೆಮನೆಗೆ ಕೊಟ್ಟ. ಅವನಿಗೆ ಉಳಿದದ್ದು ಸಂಜೆಯ ಊಟದ ಮೇಲಿನ ಒಂದು ಸಣ್ಣ ಹೊತ್ತು ಮಾತ್ರ. ಆಗ ಅವನು ಧ್ಯಾನಕ್ಕೆ ಕೂರುತ್ತಿದ್ದ. ಆದರೆ ವರ್ಷದಿಂದ ವರ್ಷಕ್ಕೆ ಮನಸ್ಸು ನಿಲ್ಲುವುದು ತಡವಾಗತೊಡಗಿತು. ಈಚೆಗೆ ನಿಲ್ಲುವುದೇ ಇಲ್ಲ. ಅದಕ್ಕೆ ಮೊದಲೇ ತೂಕಡಿಕೆ ಬರುತ್ತದೆ.

ತಾನು ಕೊಡುತ್ತಿರುವುದು ಸಾಲದೆಂದೇ ಹೀಗಾಗುತ್ತಿದೆ ಎಂದು ಅವನು ನಂಬಿದ. ಆದ್ದರಿಂದ ಸಂಜೆಯ ಆ ಹೊತ್ತನ್ನೂ ಮಠದಲ್ಲಿ ಮಲಗಿರುವ ರೋಗಿಗಳ ಸೇವೆಗೆ ಕೊಟ್ಟುಬಿಡಲು ನಿಶ್ಚಯಿಸಿದ. ಅಂದರೆ ಇನ್ನು ಮುಂದೆ ಅವನು ಧ್ಯಾನಕ್ಕೆ ಕೂರುವುದೇ ಇಲ್ಲ. ಅದಕ್ಕೆ ಗುರುಗಳ ಅಪ್ಪಣೆ ಬೇಕಿತ್ತು.

"ನಾನು ಹೂಂ ಅಂದರೆ ಯಾವತ್ತಿನಿಂದ?" ಎಂದು ಗುರುಗಳು ಕೇಳಿದರು.

"ನಾಳೆಯಿಂದಲೇ, ಬುದ್ಧೀ."

"ಹಾಗಿದ್ದರೆ ಇವತ್ತು ಕುಳಿತುಕೋ. ಅಪ್ಪಣೆಯ ಮಾತು ಆಮೇಲೆ."

ಚನ್ನಮಲ್ಲ ಕುಳಿತ. ಗುರುಗಳು ಕತೆ ಹೇಳಿದರು.

ಒಂದು ಎತ್ತರದ ಕಣಿವೆ. ಅಲ್ಲಿ ಸೂರ್ಯ ತಡವಾಗಿ ಬಂದು ಬೇಗ ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಮಂಜು. ಮಂಜಿನಲ್ಲಿ ಮೊದಲು ಮಾತು ಕೇಳಿಸುತ್ತಿತ್ತು, ಆಮೇಲೆ ಮಾತಾಡಿದವರು ಕಾಣುತ್ತಿದ್ದರು. ಹಸು, ಹೊಲ, ಮನೆ ಎಲ್ಲಕ್ಕೂ ಒಂದೇ ಬಣ್ಣ. ನೋಡಿದವರಿಗೆ ಇದು ಎಚ್ಚರವೋ ಕನಸೋ ಎಂಬ ಅನುಮಾನ ಬರುವಂಥ ಊರು ಅದು.

ಆ ಕಣಿವೆಯ ಜನ ದೊಣ್ಣೆಮೆಣಸಿನಕಾಯಿ ಬೆಳೆಯುತ್ತಿದ್ದರು. ದೊಣ್ಣೆಮೆಣಸಿನಕಾಯಿ ಎಂದರೆ ಖಾರವಿಲ್ಲದ ದಪ್ಪ ಮೆಣಸಿನಕಾಯಿ. ಪೇಟೆಯಲ್ಲಿ ಕ್ಯಾಪ್ಸಿಕಂ ಎನ್ನುವುದು ಇದನ್ನೇ. ಪೇಟೆಯವರು ಅದನ್ನು ಹಸಿರಾಗಿರುವಾಗಲೇ ಕೊಯ್ದು ಪಲ್ಯ ಮಾಡುತ್ತಾರೆ. ಆದರೆ ಹಸಿರು ಎಂದರೆ ಇನ್ನೂ ಎಳೆಯದು ಎಂದು ಅರ್ಥ. ಗಿಡದಲ್ಲೇ ಬಿಟ್ಟರೆ ಅದು ಕೆಂಪಾಗುತ್ತದೆ, ಹಣ್ಣಿನ ಹಾಗೆ ಸಿಹಿಯಾಗುತ್ತದೆ. ಒಳಗಿನ ಬೀಜ ಬಲಿಯುವುದೂ ಆಗಲೇ. ಆ ಮಂಜಿನ ಊರಿನಲ್ಲಿ ಕೆಂಪೆಂದು ಇದ್ದದ್ದು ಅದೊಂದೇ. ಕಾಯಿ ಕೆಂಪಾದ ಕಾಲದಲ್ಲಿ ಜನ ಸುಮ್ಮನೆ ಹೊಲದ ಬದುವಿನ ಮೇಲೆ ಬಂದು ಕೂರುತ್ತಿದ್ದರು. ಏನೂ ಕೆಲಸವಿರುತ್ತಿರಲಿಲ್ಲ. ನೋಡುವುದೇ ಕೆಲಸ.

ಅಲ್ಲಿ ಒಂದು ಪದ್ಧತಿ ಇತ್ತು. ಮೊದಲು ಬಿಟ್ಟ ಕಾಯಿ ಊರ ಅಮ್ಮನಿಗೆ. ಅಮ್ಮನ ಗುಡಿ ಹಳ್ಳದ ಪಕ್ಕದಲ್ಲಿತ್ತು. ಗುಡಿ ಎಂದರೆ ನಾಲ್ಕು ಕಲ್ಲು ಮತ್ತು ಅದರ ಮೇಲೊಂದು ಚಪ್ಪಡಿ. ಮೊದಲ ಕಾಯಿ ದಪ್ಪವಾದೊಡನೆ ಪೂಜಾರಿ ಬುಟ್ಟಿ ಹಿಡಿದು ಮನೆಮನೆಗೆ ಬರುತ್ತಿದ್ದ. ಪ್ರತಿ ಮನೆಯವರೂ ಒಂದೊಂದು ಕಾಯಿ ಕೊಯ್ದು ಹಾಕುತ್ತಿದ್ದರು. ಆಮೇಲೆ ಬಂದದ್ದನ್ನು ತಾವು ತಿನ್ನುತ್ತಿದ್ದರು. ಕೊನೆಗೆ ಗಿಡದಲ್ಲಿ ಉಳಿದದ್ದನ್ನು ಹಣ್ಣಾಗಲು ಬಿಟ್ಟು ಅದರ ಬೀಜ ತೆಗೆದು ಇಡುತ್ತಿದ್ದರು. 'ಮೊದಲು ಅಮ್ಮನಿಗೆ, ನಡು ನಮಗೆ, ಉಳಿದದ್ದು ಬೀಜಕ್ಕೆ' ಎಂದು ಅಲ್ಲಿನವರು ಹೇಳುತ್ತಿದ್ದರು. ಕೇಳಲು ಚೆನ್ನಾಗಿತ್ತು. ಯಾರೂ ಅದರ ಬಗ್ಗೆ ಎರಡನೆಯ ಬಾರಿ ಯೋಚಿಸಲಿಲ್ಲ.

ಹೀಗಿರುವಾಗ ಕಾಯಿ ಬರುವುದು ತಡವಾಗತೊಡಗಿತು. ಒಮ್ಮೆಗೇ ಅಲ್ಲ. ಒಂದು ವರ್ಷ ಸ್ವಲ್ಪ, ಇನ್ನೊಂದು ವರ್ಷ ಇನ್ನೂ ಸ್ವಲ್ಪ. ಬಿಸಿಲಿನ ಊರಿನಲ್ಲಾಗಿದ್ದರೆ ಇದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಏಕೆಂದರೆ ಚಳಿಗಾಲದ ಮೊದಲಲ್ಲೇ ಅಲ್ಲಿ ಬಿಳಿ ಇಬ್ಬನಿ ಬೀಳುತ್ತಿತ್ತು. ಬಿಳಿ ಇಬ್ಬನಿ ಎಂದರೆ ಎಲೆಯ ಮೇಲೆ ಹೆಪ್ಪುಗಟ್ಟಿದ ಇಬ್ಬನಿ. ಅದು ಬಿದ್ದ ಬೆಳಗ್ಗೆ ಮೆಣಸಿನ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬೀಳುತ್ತದೆ. ಅಂದರೆ ಕಾಯಿ ಹಣ್ಣಾಗಬೇಕಾದದ್ದು ಅದಕ್ಕಿಂತ ಮೊದಲೇ.

ಊರಿನವರು ಅಮ್ಮ ಮುನಿದಿದ್ದಾಳೆ ಎಂದರು. ಒಂದೊಂದು ಕಾಯಿ ಕೊಡುತ್ತಿದ್ದವರು ಒಂದೊಂದು ಬುಟ್ಟಿ ಕೊಟ್ಟರು. ಮರುವರ್ಷ ಇನ್ನೂ ತಡವಾಯಿತು. ಆಗ ಮೊದಲು ಕಾಯಿ ಬಿಟ್ಟ ಗಿಡಗಳನ್ನು ಪೂರ್ತಿ ಬರಿದು ಮಾಡಿ ಕೊಟ್ಟರು. ಅದರ ಮರುವರ್ಷ ಮತ್ತೂ ತಡವಾಯಿತು. ಕೊನೆಗೆ ಗಿಡದಲ್ಲಿ ಹಣ್ಣಾಗುವ ಕಾಯಿಯೇ ಇಲ್ಲವಾಯಿತು. ಬಣ್ಣ ತಿರುಗಲು ಶುರುವಾದ ಒಂದೆರಡನ್ನು ತಂದು ಒಲೆಯ ಮೇಲೆ ಕಟ್ಟಿದರೆ ಹೊಗೆಯಲ್ಲಿ ಅವು ಕಂದಾಗಿ ಸುಕ್ಕುಗಟ್ಟುತ್ತಿದ್ದವು. ಅದೇ ಬೀಜ. ದೊಣ್ಣೆಮೆಣಸಿನಕಾಯಿ ಕೆಂಪಗಾಗುತ್ತದೆ ಎಂದು ಅಜ್ಜಿಯರು ಹೇಳಿದರೆ ಮಕ್ಕಳು ನಗುತ್ತಿದ್ದರು. ಕಾಗೆ ಬೆಳ್ಳಗಾಗುತ್ತದೆ ಎಂದ ಹಾಗಿತ್ತು ಅದು ಅವರಿಗೆ.

ಬಹಳ ಮನೆಗಳು ಆಲೂಗಡ್ಡೆಗೆ ತಿರುಗಿದವು. ಒಬ್ಬ ರೈತ ಮಾತ್ರ ಬಿಡಲಿಲ್ಲ. ಅವನು ಹುಡುಗನಾಗಿದ್ದಾಗ ಆ ಕೆಂಪನ್ನು ಕಂಡಿದ್ದ. ಅದು ಅವನ ಕನಸಿನಲ್ಲಿ ಬರುತ್ತಿತ್ತು. ಕನಸಿನಲ್ಲಿ ಬೇರೆ ಏನೂ ಇರುತ್ತಿರಲಿಲ್ಲ. ಮಂಜು, ಅದರ ನಡುವೆ ಒಂದು ಕೆಂಪು.

ಅವನು ಕೆಳಗಿನ ಬಯಲುಸೀಮೆಗೆ ಇಳಿದು ಬೀಜದ ವ್ಯಾಪಾರಿಯ ಅಂಗಡಿಗೆ ಹೋದ. ಬೇಗ ಹಣ್ಣಾಗುವ ತಳಿ ಕೊಡಿ ಎಂದ. ವ್ಯಾಪಾರಿ ಒಂದು ಪೊಟ್ಟಣ ಕೊಟ್ಟ. ರೈತ ಅದನ್ನು ತಂದು ಬಿತ್ತಿದ. ಗಿಡ ಸೊಂಪಾಗಿ ಬೆಳೆಯಿತು, ಹೂ ಬಿಟ್ಟಿತು. ಆದರೆ ಚಳಿಯ ರಾತ್ರಿಗಳಲ್ಲಿ ಆ ಹೂವೆಲ್ಲ ಉದುರಿತು. ಕಚ್ಚಿಕೊಂಡ ಕೆಲವು ಕಾಯಿಗಳು ದಪ್ಪವಾಗಿ, ಹಸಿರಾಗಿ, ಗಂಭೀರವಾಗಿ ನಿಂತೇ ಇದ್ದವು. ಬಿಳಿ ಇಬ್ಬನಿ ಬಂದು ಅವನ್ನು ಹಾಗೆಯೇ ಕೊಂದಿತು.

ರೈತ ಮತ್ತೆ ಇಳಿದು ಹೋದ. "ಇದು ಬೇಗ ಬರುತ್ತದೆ ಅಂದಿರಲ್ಲ, ಸಾವ್ಕಾರ್ರೇ?"

"ಬೇಗವೇ ಅಣ್ಣಾ. ಇಲ್ಲಿ ಯಾರನ್ನು ಬೇಕಾದರೂ ಕೇಳು."

"ನಮ್ಮೂರಲ್ಲಿ ಬರಲಿಲ್ಲ."

"ನಾನು ಮಾರುವುದು ಬೀಜ ಅಣ್ಣಾ," ಎಂದ ವ್ಯಾಪಾರಿ, "ಅದರ ಜೊತೆಗೆ ಬಿಸಿಲನ್ನೂ ಕಟ್ಟಿಕೊಡು ಅಂದರೆ ಎಲ್ಲಿಂದ ತರಲಿ?"

ವ್ಯಾಪಾರಿ ಮೋಸಗಾರನಲ್ಲ. ಅವನು ಹೇಳಿದ್ದು ನಿಜ. ಬೇಗ ಎಂಬುದು ಬೀಜದೊಳಗೆ ಇರುವಂತೆ ಕಂಡರೂ ಅದರ ಅರ್ಧ ಬಿತ್ತಿದ ನೆಲದಲ್ಲಿರುತ್ತದೆ. ಬಿಸಿಲಿನ ನೆಲದಲ್ಲಿ ಬೇಗ ಬಂದದ್ದು ಚಳಿಯ ನೆಲದಲ್ಲೂ ಬೇಗ ಬರಬೇಕೆಂದಿಲ್ಲ. ಚಳಿಯ ಕಣಿವೆಗೆ ಬೇಕಾದ ಬೀಜ ಚಳಿಯ ಕಣಿವೆಯಲ್ಲೇ ಸಿಗಬೇಕು. ರೈತ ಇದನ್ನು ದಾರಿಯುದ್ದಕ್ಕೂ ಯೋಚಿಸುತ್ತ ಬರಿಗೈಯಲ್ಲಿ ಮನೆಗೆ ಬಂದ.

ಮನೆಯ ಮಡಕೆಯಲ್ಲಿ ಹಳೆಯ ಬೀಜ ಒಂದು ಹಿಡಿಯಷ್ಟು ಉಳಿದಿತ್ತು. ಮೆಣಸಿನ ಬೀಜವನ್ನು ಬಹಳ ವರ್ಷ ಇಡಲಾಗುವುದಿಲ್ಲ. ಇಟ್ಟಷ್ಟೂ ಮೊಳೆಯುವ ಶಕ್ತಿ ಹೋಗುತ್ತದೆ. ಈ ವರ್ಷ ಬಿತ್ತಲೇಬೇಕು. ಈ ವರ್ಷ ಹಣ್ಣಾಗಿ ಬೀಜ ಸಿಗದಿದ್ದರೆ ಆ ಕಣಿವೆಯಲ್ಲಿ ಮತ್ತೆ ಯಾವತ್ತೂ ಕೆಂಪು ಕಾಣುವುದಿಲ್ಲ. ರೈತನಿಗೆ ಇದು ಗೊತ್ತಿತ್ತು. ಅವನ ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಒಲೆಯ ಪಕ್ಕದಲ್ಲಿ ಮಣ್ಣಿನ ಚಟ್ಟಿಯಿಟ್ಟು, ಬೆಚ್ಚಗೆ ಸಸಿ ಮಾಡಿ, ಆಮೇಲೆ ಹೊಲದಲ್ಲಿ ನೆಟ್ಟರು.

ಗಿಡಗಳೆಲ್ಲ ಒಂದೇ ಮಡಕೆಯ ಬೀಜದವು. ಆದರೂ ಒಂದೇ ಥರ ಇರಲಿಲ್ಲ. ಒಂದೇ ತಾಯಿಯ ಮಕ್ಕಳು ಒಂದೇ ಥರ ಇರುವುದಿಲ್ಲವಲ್ಲ, ಹಾಗೆ. ಹೆಚ್ಚಿನವು ಎತ್ತರಕ್ಕೆ ಬೆಳೆದು ಎಲೆ ಹರಡಿಕೊಂಡು ನಿಂತವು. ಬದುವಿನ ಪಕ್ಕದ ಒಂದು ಗಿಡ ಮಾತ್ರ ಮೊಣಕಾಲಿಗೂ ಬರಲಿಲ್ಲ. ಅದು ಕುಳ್ಳಗೆ, ಸೊಟ್ಟಗೆ ಇತ್ತು. ಮೊದಲ ಕವಲಿನಲ್ಲೇ ಹೂ ಬಿಟ್ಟು, ಚಳಿಯಲ್ಲೂ ಹೂ ಉದುರಿಸದೆ, ತೆಳು ಸಿಪ್ಪೆಯ ಪುಟ್ಟ ಪುಟ್ಟ ಕಾಯಿಗಳನ್ನು ಹಿಡಿಯಿತು. ಬೇರೆ ಗಿಡಗಳು ಇನ್ನೂ ಮೊಗ್ಗಿನಲ್ಲಿದ್ದವು.

ಒಂದು ಬೆಳಗ್ಗೆ ಗಂಡ ಹೆಂಡತಿ ಆ ಬದುವಿನ ಮೇಲೆ ಕುಳಿತಿದ್ದರು. ಮಂಜು ದಟ್ಟವಾಗಿತ್ತು. ಒಬ್ಬರಿಗೊಬ್ಬರು ಸರಿಯಾಗಿ ಕಾಣುತ್ತಿರಲಿಲ್ಲ. ಹೆಂಡತಿ ಅರೆನಿದ್ದೆಯಲ್ಲಿದ್ದವಳ ಹಾಗೆ ಕೇಳಿದಳು:

"ಏನ್ರೀ, ಇಂಥ ಕುಳ್ಳ ಗಿಡದ ಬೀಜ ನಾವು ಯಾವತ್ತಾದರೂ ಇಟ್ಟಿದ್ದೀವಾ?"

"ಹೇಗೆ ಇಡೋದು? ಬೇಗ ಬಿಟ್ಟದ್ದೆಲ್ಲ ಅಮ್ಮನ ಬುಟ್ಟಿಗೆ ಹೋಗುತ್ತದಲ್ಲ."

"ಮತ್ತೆ ಮಡಕೆಯಲ್ಲಿದ್ದದ್ದು?"

"ಉಳಿದದ್ದರ ಬೀಜ."

"ಉಳಿದದ್ದು ಯಾಕೆ ಉಳಿದಿತ್ತು?"

ತಡವಾಗಿ ಬಿಟ್ಟದ್ದರಿಂದ ಎಂದು ಹೇಳಲು ರೈತ ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು.

ಅವನಿಗೆ ಹೊಳೆದದ್ದು ಇದು. ಪ್ರತಿ ವರ್ಷವೂ ಬೇಗ ಬಿಟ್ಟ ಗಿಡ ಬರಿದಾಗುತ್ತಿತ್ತು. ಅದರ ಕಾಯಿ ಎಳೆಯದಾಗಿರುವಾಗಲೇ ಹೋಗುತ್ತಿದ್ದುದರಿಂದ ಅದರ ಬೀಜ ಯಾರಿಗೂ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ತಡವಾದ ಗಿಡದ ಕಾಯಿ ಬುಟ್ಟಿಗೂ ಸಿಗದೆ, ಬಾಯಿಗೂ ಸಿಗದೆ ಉಳಿಯುತ್ತಿತ್ತು. ಅದರ ಬೀಜವನ್ನೇ ಊರೆಲ್ಲ ಭಕ್ತಿಯಿಂದ ಬಿತ್ತುತ್ತಿತ್ತು. ಅಮ್ಮನಿಗೆ ಹೆಚ್ಚು ಕೊಟ್ಟಷ್ಟೂ ಬೆಳೆ ತಡವಾಗುತ್ತಿತ್ತು. ಬೆಳೆ ತಡವಾದಷ್ಟೂ ಜನ ಹೆದರಿ ಹೆಚ್ಚು ಕೊಡುತ್ತಿದ್ದರು. ಅಮ್ಮ ಮುನಿದಿರಲೇ ಇಲ್ಲ.

ಆದರೆ ಹೊಳೆಯುವುದು ಬೇರೆ, ಮಾಡುವುದು ಬೇರೆ. ಆ ಗಿಡದ ಕಾಯಿಯನ್ನು ಕೆಂಪಾಗುವವರೆಗೆ ಬಿಡಬೇಕೆಂದರೆ ಮೊದಲ ಕಾಯಿಯನ್ನು ಅಮ್ಮನಿಗೆ ಇಲ್ಲ ಎನ್ನಬೇಕು. ಆ ಊರಿನಲ್ಲಿ ಹಾಗೆ ಯಾರೂ ಅಂದಿರಲಿಲ್ಲ.

ಪೂಜಾರಿ ಬುಟ್ಟಿ ಹಿಡಿದು ಬಂದ. ಅವನ ಹಿಂದೆ ನಾಲ್ಕು ಜನ ಬಂದರು. ರೈತ ಕುಳ್ಳ ಗಿಡದ ಮುಂದೆ ನಿಂತುಕೊಂಡ. "ಇದೊಂದನ್ನು ಬಿಡಿ ಪೂಜಾರಪ್ಪ. ಹಿಂದಿನಿಂದ ಬರುವುದನ್ನೆಲ್ಲ ಕೊಡುತ್ತೇನೆ," ಎಂದ.

"ಅಮ್ಮನಿಗೆ ಹಿಂದಿನಿಂದ ಬರೋದಾ?" ಎಂದು ಪೂಜಾರಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿದ. "ಬೀಗರನ್ನು ಕರೆದು ಎರಡನೇ ಪಂಕ್ತಿಗೆ ಕೂರಿಸಿದ ಹಾಗಾಯಿತು ಕಣಯ್ಯಾ ನಿನ್ನ ಮರ್ಯಾದೆ!"

ಹಿಂದಿದ್ದವರು ನಕ್ಕರು. ರೈತ ತಲೆ ತಗ್ಗಿಸಿದ. ಅವನ ಕೈ ಗಿಡದ ಕಡೆಗೆ ಹೋಯಿತು. ಇನ್ನೇನು ಕಾಯಿ ಕೊಯ್ದುಬಿಡುತ್ತಿದ್ದ. ಆಗ ಹೆಂಡತಿ ಮಾತಾಡಿದಳು.

"ಅಮ್ಮ ನಮಗೆ ಬೀಗಿತ್ತಿಯಾ ಪೂಜಾರಪ್ಪ? ಮನೆಯವಳಲ್ಲವಾ? ನಿಮ್ಮ ಮನೆಯಲ್ಲಿ ಮನೆಯವಳು ಮೊದಲು ಉಣ್ಣುತ್ತಾಳಾ, ಎಲ್ಲರದ್ದೂ ಆದ ಮೇಲಾ?"

ಮತ್ತೆ ನಗು ಬಂತು. ಈ ಸಲ ಬೇರೆ ಕಡೆಯಿಂದ ಬಂತು. ನೀರಿಗೆ ಹೊರಟಿದ್ದ ಹೆಂಗಸರು ಮಂಜಿನಲ್ಲಿ ನಿಂತು ಕೇಳುತ್ತಿದ್ದರು. ಪೂಜಾರಿ ಹೊರಡಲು ತಿರುಗಿದ. "ನೋಡೋಣ, ಅಮ್ಮ ಏನು ಮಾಡುತ್ತಾಳೋ," ಎಂದು ಮುಂದಿನ ಮನೆಗೆ ಹೋದ.

ಆಮೇಲೆ ಕಾಯುವುದು. ಊರಿನವರು ಅವರ ಮನೆಗೆ ಬೆಂಕಿ ಕೇಳಲು ಬರುವುದನ್ನು ನಿಲ್ಲಿಸಿದರು. ಅಂದರೆ ಮಾತು ಬಿಟ್ಟರು ಎಂದು ಅರ್ಥ. ರೈತ ದಿನವೂ ಗಿಡದ ಪಕ್ಕದಲ್ಲಿ ಕೂರುತ್ತಿದ್ದ. ಹಸಿರು ಕಾಯಿ ಒಮ್ಮೆಗೇ ಕೆಂಪಾಗುವುದಿಲ್ಲ. ಮೊದಲು ಅದು ಕಪ್ಪಿಡುತ್ತದೆ. ನೋಡಿದವರಿಗೆ ಕೊಳೆಯುತ್ತಿದೆ ಎನ್ನಿಸುತ್ತದೆ. ರೈತನಿಗೂ ಹಾಗೆಯೇ ಅನ್ನಿಸಿತು. ಅಮ್ಮ ಕೇಳಿದ್ದನ್ನು ಕೊಡದೆ ತಾನೇ ಕೆಡಿಸಿದೆನೇ ಎಂದು ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಚ್ಚಿದರೆ ಕೆಂಪು ಕಾಣುತ್ತಿತ್ತು, ತೆರೆದರೆ ಕಪ್ಪು ಕಾಣುತ್ತಿತ್ತು. ಯಾವುದನ್ನು ನಂಬಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಗಾಳಿ ನಿಂತಿತು. ಮಂಜು ಕೂಡ ಇಲ್ಲವಾಯಿತು. ಆಕಾಶ ತೊಳೆದಿಟ್ಟ ಹಾಗೆ ಇತ್ತು. ಆ ಊರಿನಲ್ಲಿ ಆಕಾಶ ಹಾಗೆ ಚೊಕ್ಕಟವಾದರೆ ಬಿಳಿ ಇಬ್ಬನಿ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಗಂಡ ಹೆಂಡತಿ ತಾವು ಹೊದೆಯುವ ಕಂಬಳಿಯನ್ನು ತಂದು ಕುಳ್ಳ ಗಿಡಕ್ಕೆ ಹೊದಿಸಿದರು. ಮನೆಯಲ್ಲಿ ಇದ್ದದ್ದು ಅದೊಂದೇ ಕಂಬಳಿ. ಅವರು ಒಲೆಯ ಬೂದಿಯ ಪಕ್ಕದಲ್ಲಿ ಮುದುಡಿ ಮಲಗಿದರು.

ಬೆಳಗ್ಗೆ ಕಣಿವೆಯೆಲ್ಲ ಬಿಳಿ. ಬಿಸಿಲು ಬಂದಂತೆ ಗಿಡಗಳು ಒಂದೊಂದೇ ಕಪ್ಪಾಗಿ ಬಾಗಿದವು. ಊರಿನ ಎಲ್ಲ ಹೊಲದಲ್ಲೂ ಹಾಗೆಯೇ. ಜನ ಒಬ್ಬೊಬ್ಬರಾಗಿ ರೈತನ ಬದುವಿಗೆ ಬಂದರು. ಯಾರೂ ಕರೆದಿರಲಿಲ್ಲ. ಪೂಜಾರಿಯೂ ಬಂದ. ಕಂಬಳಿಯ ಮೇಲೆ ಇಬ್ಬನಿ ಗಟ್ಟಿಯಾಗಿ ಕುಳಿತಿತ್ತು. ರೈತನ ಕೈ ಮುಂದಕ್ಕೆ ಹೋಗಲಿಲ್ಲ. ಹೆಂಡತಿಯೇ ಕಂಬಳಿ ಎತ್ತಿದಳು.

ಕೆಂಪು.

ಗಿಡದ ತುಂಬ ಅಲ್ಲ. ಪುಟ್ಟ ಪುಟ್ಟ ಕೆಲವು ಕಾಯಿ, ಅಷ್ಟೇ. ಆದರೆ ಅಷ್ಟು ಬಿಳುಪಿನ ನಡುವೆ ಅವು ಉರಿಯುತ್ತಿದ್ದವು. ಒಬ್ಬಳು ಮುದುಕಿ ತನ್ನ ಮೊಮ್ಮಗಳ ತಲೆಯನ್ನು ಆ ಕಡೆಗೆ ತಿರುಗಿಸಿದಳು. ಮಗು ನಗಲಿಲ್ಲ.

ರೈತ ಒಂದು ಹಣ್ಣನ್ನು ಕೊಯ್ದು ಎರಡು ಹೋಳು ಮಾಡಿದ. ಬೀಜವನ್ನೆಲ್ಲ ಒಂದು ಎಲೆಯ ಮೇಲೆ ಬಿಡಿಸಿಕೊಂಡ. ಹೋಳುಗಳನ್ನು ಪೂಜಾರಿಗೆ ಕೊಟ್ಟ. ಪೂಜಾರಿ ಒಂದನ್ನು ಅಮ್ಮನಿಗೆ ಎತ್ತಿಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. ಆಮೇಲೆ, "ಅಮ್ಮ ಇಷ್ಟು ವರ್ಷ ಹಸಿಕಾಯಿಯನ್ನೇ ತಿಂದುಕೊಂಡಿದ್ದಳಲ್ಲ, ಪಾಪ," ಎಂದ.

ಮರುವರ್ಷವೇ ಎಲ್ಲ ಸರಿಯಾಯಿತು ಎಂದಲ್ಲ. ಆ ಬೀಜದಿಂದ ಬಂದ ಗಿಡಗಳಲ್ಲೂ ಕೆಲವು ಬೇಗ, ಕೆಲವು ತಡ. ಅವುಗಳಲ್ಲಿ ಬೇಗ ಬಂದದ್ದನ್ನು ಮತ್ತೆ ಬೀಜಕ್ಕೆ ಬಿಟ್ಟರು. ಹಾಗೆ ಹಲವು ವರ್ಷ ಆರಿಸಿದರು. ನಿಧಾನವಾಗಿ ತಡವಾದದ್ದು ನಿಧಾನವಾಗಿಯೇ ಹಿಂದಕ್ಕೆ ಬಂತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಚನ್ನಮಲ್ಲನಿಗೆ ಕತೆ ಅರ್ಥವಾಗಿತ್ತು; ಅಥವಾ ಅರ್ಥವಾಯಿತು ಎಂದು ಅವನಿಗೆ ಅನ್ನಿಸಿತು. ಅವನ ಮುಖದಲ್ಲಿ ಸಮಾಧಾನ ಮೂಡಿತು.

"ತಿಳಿಯಿತು, ಬುದ್ಧೀ. ಸಂಜೆಯ ಆ ಹೊತ್ತನ್ನು ನಾನು ಯಾರಿಗೂ ಕೊಡುವುದಿಲ್ಲ. ಅದನ್ನೇ ಬೀಜಕ್ಕೆ ಇಟ್ಟುಕೊಳ್ಳುತ್ತೇನೆ," ಎಂದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಅದು ಉಳಿದದ್ದಲ್ಲವೇ ಚನ್ನಮಲ್ಲ? ನಿನ್ನಲ್ಲಿ ಎಲ್ಲಕ್ಕಿಂತ ಮೊದಲು ಹಣ್ಣಾಗುತ್ತಿದ್ದ ಹೊತ್ತು ಯಾವುದು, ನೆನಪಾದರೂ ಇದೆಯೇ?"